ಜಾಂಬಿಯಾದ ಕೆಂಪು ರೊಟ್ಟಿ

ಗಾದಿಗನೂರಿನ ಭೀಮಮ್ಮನ ಮನೆಯಲ್ಲಿ ಒಲೆಯ ಮುಂದೆ ಇರುವುದು ಒಂದೇ ಮಣೆ. ಆ ಮಣೆಯ ಮೇಲೆ ಭೀಮಮ್ಮನ ಹೊರತು ಇನ್ನೊಬ್ಬರು ಕುಳಿತದ್ದನ್ನು ಊರಲ್ಲಿ ಯಾರೂ ಕಂಡಿಲ್ಲ. ಒಮ್ಮೆ ಬೆಕ್ಕು ಕುಳಿತಿತ್ತಂತೆ. ಊದುಗೊಳವೆಯ ಏಟು ಬಿದ್ದ ಮೇಲೆ ಅದು ಪಕ್ಕದ ಜಂಬಕ್ಕನ ಮನೆಯ ಬೆಕ್ಕಾಗಿ ಬದುಕಿತು.

ಇಂಥ ಮನೆಗೆ ಸೊಸೆಯಾಗಿ ಬಂದವಳು ಲಲಿತಾ. ತವರು ಕಂಪ್ಲಿ ಕಡೆಯ ಮೆಟ್ರಿ. ಕಾಲುವೆ ನೀರು, ಭತ್ತದ ಗದ್ದೆ, ಬೆಳಿಗ್ಗೆಗೂ ಅನ್ನ, ರಾತ್ರಿಗೂ ಅನ್ನ. ಗಾದಿಗನೂರಿನವರಿಗೋ ರೊಟ್ಟಿ ಉಂಡರೇ ಊಟ, ಅನ್ನ ಉಂಡರೆ ಅದು ಬರೀ ಬಾಯಾಡಿಸಿದ ಲೆಕ್ಕ. ಮದುವೆಯಾದ ಹೊಸದರಲ್ಲಿ ಅತ್ತೆ ಒಮ್ಮೆ ಸೊಸೆಯನ್ನು ಪರೀಕ್ಷೆಗೆ ಕೂರಿಸಿದಳು, ಅದೂ ಮಣೆಯ ಮೇಲಲ್ಲ, ಬರೀ ನೆಲದ ಮೇಲೆ. ಲಲಿತಾ ಬಡಿದ ರೊಟ್ಟಿ ಮೂರು ಕಡೆ ಸೀಳಿ, ಒಂದು ಕಡೆ ದಪ್ಪಗಾಗಿ, ಹಂಚಿನ ಮೇಲೆ ಮುದುಡಿ ಮಲಗಿತು. ಭೀಮಮ್ಮ ಅದನ್ನು ಬೆಳಕಿಗೆ ಹಿಡಿದು ನೋಡಿದಳು.

"ಭಾಳ ಚೆಂದ ನಕ್ಷಾ ಬರ್ದೀ. ಇದರಾಗ ಡ್ಯಾಮ್ ಎಲ್ಲೈತಿ, ತೋರ್ಸು ನೋಡಮ?"

ಅಂಗಳದಲ್ಲಿದ್ದ ಜಂಬಕ್ಕ ನಕ್ಕ ನಗೆ ಮೆಟ್ರಿಯವರೆಗೂ ಕೇಳಿಸಿರಬೇಕು. ಅಂದಿನಿಂದ ಲಲಿತಾಳಿಗೆ ಹಂಚಿನ ಸಹವಾಸ ತಪ್ಪಿತು. ಬೆಳ್ಳುಳ್ಳಿ ಸುಲಿ, ಸೊಪ್ಪು ಸೋಸು, ಶೇಂಗಾ ಚಟ್ನಿ ಕುಟ್ಟು. ಒಲೆಗೆ ಬೆನ್ನು ಹಾಕಿ ಕುಳಿತು ವರ್ಷಗಟ್ಟಲೆ ಅದನ್ನೇ ಮಾಡಿದಳು. ಬೆನ್ನ ಹಿಂದೆ ಭೀಮಮ್ಮನ ರೊಟ್ಟಿ ಪಟಪಟ ಎಂದು ಶುರುವಾಗಿ, ಅಗಲವಾದಂತೆ ನಿಧಾನವಾಗಿ, ಕೊನೆಗೆ ಹಂಚಿಗೆ ಬಿದ್ದು ಸುಮ್ಮನಾಗುತ್ತಿತ್ತು. ಅತ್ತೆ ಕೆಟ್ಟವಳಲ್ಲ. ಬಾಣಂತನದಲ್ಲಿ ಸೊಸೆಯನ್ನು ಅಂಗೈಯಲ್ಲಿಟ್ಟು ನೋಡಿಕೊಂಡಳು, ಮೊಮ್ಮಗಳು ಪಂಪಾ ಎಂದರೆ ಪ್ರಾಣ. ಹಂಚೊಂದನ್ನು ಮಾತ್ರ ಕೇಳಬಾರದು, ಅಷ್ಟೇ.

ಲಲಿತಾಳ ಗಂಡ ಹೊನ್ನೂರುಸ್ವಾಮಿ ಸಂಡೂರಿನ ಗಣಿಗಳಲ್ಲಿ ಮಣ್ಣು ಅಗೆಯುವ ಹಿಟಾಚಿ ಯಂತ್ರದ ಆಪರೇಟರ್. ಕೈ ಒಳ್ಳೆಯದು ಎಂದು ಹೆಸರು ಬಂದು, ಜಾಂಬಿಯಾ ದೇಶದ ತಾಮ್ರದ ಗಣಿಯಲ್ಲಿ ಹುಡುಗರಿಗೆ ಕಲಿಸುವ ಕೆಲಸ ಸಿಕ್ಕಿತು, ಹೆಂಡತಿಯನ್ನೂ ಮಗಳು ಪಂಪಾಳನ್ನೂ ಕರೆದುಕೊಂಡು ಹೋಗುವುದೆಂದಾಯಿತು. ಆಫ್ರಿಕಾ ಎಂದ ತಕ್ಷಣ ಊರೆಲ್ಲ ಸಿಂಹದ ಮಾತಾಡಿದರೆ, ಲಲಿತಾಳ ತಲೆಯಲ್ಲಿ ಓಡಿದ್ದು ಒಂದೇ ಮಾತು. ಅಲ್ಲಿ ಒಂದು ಅಡುಗೆಮನೆ ಇರುತ್ತದೆ, ಅದು ನನ್ನದು. ಸೂಟ್‌ಕೇಸಿನಲ್ಲಿ ಸೀರೆ ಕಡಿಮೆ ಮಾಡಿ ಕಬ್ಬಿಣದ ಹಂಚು ಇಟ್ಟುಕೊಂಡಳು. ಅತ್ತೆ ನೋಡಿ ಹುಬ್ಬೇರಿಸಿದಳು.

ಗಣಿಯೂರಿನ ಆ ಮನೆ ತಗಡಿನದಾದರೂ ಚೊಕ್ಕ. ಅಡುಗೆಮನೆಗೊಂದು ಕಿಟಕಿ, ಕಿಟಕಿಯಾಚೆ ಬೇವಿನ ಬದಲು ಮಾವು. ಮೊದಲ ದಿನ ಲಲಿತಾ ಕರೆಂಟಿನ ಒಲೆಗೆ ಅರಿಸಿನ ಕುಂಕುಮ ಹಚ್ಚಿ, ಸುಮ್ಮನೆ ಅದರ ಮುಂದೆ ಹೋಗಿ ಬಂದು ಮಾಡಿದಳಂತೆ. ಯಾರೂ "ಸರಿ ಆಕಡಿ" ಅನ್ನಲಿಲ್ಲ.

ಆದರೆ ಆ ಒಲೆಯ ಮೇಲೆ ಬೆಂದದ್ದೆಲ್ಲ ಅನ್ನ. ಅನ್ನ ಸಾರು, ಅನ್ನ ಮಜ್ಜಿಗೆ, ಚಿತ್ರಾನ್ನ. ಹೊನ್ನೂರುಸ್ವಾಮಿ ತಿಂಗಳೊಪ್ಪತ್ತು ಸುಮ್ಮನಿದ್ದ. ಆಮೇಲೆ ತಾಟಿನ ಮುಂದೆ ಕುಳಿತು ನಿಟ್ಟುಸಿರು ಬಿಡುವುದು ಶುರುವಾಯಿತು. ಅವನ ಜೊತೆ ಕೆಲಸ ಮಾಡುವ, ಸಂಡೂರು ಕಡೆಯ ಬಂಡ್ರಿಯ ಓಬಳೇಶ ಇನ್ನೂ ಮದುವೆಯಾಗದವನು, ಭಾನುವಾರ ಇವರ ಮನೆಗೇ ಊಟಕ್ಕೆ ಬರುವವನು, ಅವನೂ ಸೇರಿ ನಿಟ್ಟುಸಿರು ಬಿಟ್ಟ. ಇಬ್ಬರು ಗಂಡಸರು ಎದುರುಬದುರು ಕುಳಿತು ಹೀಗೆ ಉಸಿರು ಬಿಟ್ಟರೆ ಯಾವ ಹೆಂಗಸು ತಡೆದಾಳು?

"ಹಿಟ್ಟು ತಗಂಬರ್ರಿ, ರೊಟ್ಟಿ ಬಡೀತೀನಿ," ಎಂದುಬಿಟ್ಟಳು ಲಲಿತಾ.

ಹೊನ್ನೂರುಸ್ವಾಮಿ ಮರುದಿನವೇ ದೊಡ್ಡ ಚೀಲ ಹೆಗಲ ಮೇಲೆ ಹೊತ್ತು ತಂದ. ಬೆಳ್ಳಗಿನ ಹಿಟ್ಟು. ಈ ದೇಶದವರು ದಿನಾ ಉಣ್ಣುವುದು ಇದನ್ನೇ, ಬಿಳಿ ಜೋಳವಲ್ಲದೆ ಮತ್ತೇನು ಎಂದು ಅವನ ವಾದ. ಲಲಿತಾ ಬಿಸಿನೀರು ಹಾಕಿ ನಾದಿದಳು. ಬಡಿದಳು. ಸೀಳಿತು. ಮತ್ತೆ ನಾದಿ ಬಡಿದಳು. ಪುಡಿಪುಡಿಯಾಯಿತು. ವಾರದ ಮೇಲೆ ವಾರ ಇದೇ ಕತೆ. ಒಂದು ಶನಿವಾರ ಸಂಜೆ ಅವಳಿಗೆ ರೇಗಿಹೋಯಿತು. ಕಣ್ಣಲ್ಲಿ ನೀರು, ಕೈಯಲ್ಲಿ ಹಿಟ್ಟು, ಒಂದೊಂದು ಏಟಿಗೂ ಒಂದೊಂದು ಬೈಗುಳ.

"ಯಾಕ ಅಂಟಂಗಿಲ್ಲ? ನಿನಗೇನ್ ಬ್ಯಾನಿ ಬಂದೈತಿ? ನಿನ್ನ ಬಾಯಾಗ ಮಣ್ಣ ಹಾಕ!"

ಪಟಾರ್, ಪಟಾರ್. ಇತ್ತ ಹೊರಗಿನ ಕೋಣೆಯಲ್ಲಿ ಹೊನ್ನೂರುಸ್ವಾಮಿ ಓಬಳೇಶನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದ. ಯಂತ್ರದ ಸದ್ದಿನಲ್ಲಿ ಬಾಳಿದವರ ಮಾತು ಎಂದರೆ ಗೊತ್ತಲ್ಲ, ಕ್ಷೇಮ ಕೇಳಿದರೂ ಜಗಳಕ್ಕೆ ನಿಂತ ಹಾಗೆ.

ಪಕ್ಕದ ಮನೆಯ ಹೆಂಗಸು ಇದನ್ನೆಲ್ಲ ಕೇಳಿಸಿಕೊಂಡಳು. ಅವಳ ಮಗನ ಹೆಸರು ಮುಲೆಂಗಾ, ಅದಕ್ಕೆ ಅಲ್ಲಿನವರು ಅವಳನ್ನು ಕರೆಯುವುದು ಬಾನಾ ಮುಲೆಂಗಾ, ಮುಲೆಂಗಾನ ತಾಯಿ ಎಂದು. ಎತ್ತರದ ಆಳು, ನಡೆದು ಬಂದರೆ ದಾರಿ ತಾನೇ ಸರಿಯಬೇಕು. ಗಂಡಸು ಕೂಗುತ್ತಿದ್ದಾನೆ, ಏಟು ಬೀಳುತ್ತಿದೆ, ಹೆಂಗಸು ಅಳುತ್ತಿದ್ದಾಳೆ. ಇನ್ನೇನು ತಿಳಿಯಬೇಕು? ಹಿಟ್ಟು ತಿರುವುವ ಉದ್ದನೆಯ ಮರದ ಸೌಟು ಹಿಡಿದು ನೇರ ಒಳಗೆ ನುಗ್ಗಿ ಹೊನ್ನೂರುಸ್ವಾಮಿಯ ಕೊರಳಪಟ್ಟಿಗೆ ಕೈ ಹಾಕಿದಳು.

"ಲಲಿತೀ! ಲೇ ಲಲಿತೀ! ಬಾರಲೇ ಜಲ್ದಿ!" ಎಂದು ಅರಚಿದ ಸಂಡೂರಿನ ಹಿಟಾಚಿ ಹುಲಿ.

ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ಲಲಿತಾ ಓಡಿಬಂದಳು. ಅವಳಿಗೆ ಬರುವ ಇಂಗ್ಲಿಷು ಹಿಡಿಯಷ್ಟು, ಅದೂ ಆ ಹೊತ್ತಿಗೆ ಮರೆತುಹೋಯಿತು. ಬಾನಾ ಮುಲೆಂಗಾಳ ಕೈ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋಗಿ, ಹಿಟ್ಟಿನ ಉಂಡೆಗೆ ಪಟಾರ್ ಎಂದು ನಾಲ್ಕು ಬಡಿದು ತೋರಿಸಿದಳು. ಬಾನಾ ಮುಲೆಂಗಾ ಹಿಟ್ಟು ನೋಡಿದಳು, ಇವಳ ಮುಖ ನೋಡಿದಳು, ಬಾಗಿಲಲ್ಲಿ ಅಂಗಿ ಸರಿಮಾಡಿಕೊಳ್ಳುತ್ತಿದ್ದ ಬಡಪಾಯಿಯನ್ನು ನೋಡಿದಳು. ನಗು ತಡೆಯಲಾರದೆ ನೆಲದ ಮೇಲೇ ಕುಳಿತುಬಿಟ್ಟಳು.

ನಗು ನಿಂತ ಮೇಲೆ ಅವಳೇ ಚೀಲ ತಿರುಗಿಸಿ ತೋರಿಸಿದಳು. ಚೀಲದ ಮೇಲೆ ಮೊಳದುದ್ದದ ಮೆಕ್ಕೆಜೋಳದ ತೆನೆ, ಬಣ್ಣಬಣ್ಣದಲ್ಲಿ!

"ಇಷ್ಟು ದೊಡ್ಡ ಚಿತ್ರ ಕಾಣ್ಲಿಲ್ಲೇನ್ರಿ ನಿಮಗ?"

"ನಾ ಹಿಟ್ಟು ನೋಡೀನಿ. ಚೀಲ ಯಾಕ ನೋಡ್ಲಿ?" ಎಂದ ಹೊನ್ನೂರುಸ್ವಾಮಿ.

ಓಬಳೇಶನ ಬಾಯಲ್ಲಿ ಇಂಥ ಸುದ್ದಿ ನಿಲ್ಲುತ್ತದೆಯೇ? ಬಂಡ್ರಿಗೆ ಫೋನಾಯಿತು, ಬಂಡ್ರಿಯಿಂದ ಗಾದಿಗನೂರಿಗೆ ಬಂತು. ಮಗ ರೊಟ್ಟಿ ಕಾಣದೆ ಸೊರಗಿದ್ದಾನೆ ಎಂದು ಕೇಳಿದ ಭೀಮಮ್ಮ ಎರಡೇ ದಿನದಲ್ಲಿ ವಿಡಿಯೋ ಕಾಲ್ ಮಾಡಿಸಿದಳು.

"ಪಾಸ್‌ಪೋರ್ಟ್ ಮಾಡ್ಸಾಕ ಹೇಳೀನಿ. ಹೊಸಪ್ಯಾಟಿಗೆ ಹೋಗಿ ಫೋಟೋನೂ ತೆಗ್ಸೀನಿ. ನಾನೇ ಬಂದು ಅಲ್ಲಿರ್ತೀನಿ. ಲಲಿತಾ ನೀ ಏನ್ ಚಿಂತಿ ಮಾಡಬ್ಯಾಡ, ನೀ ಬೆಳ್ಳುಳ್ಳಿ ಸುಲಕೊಂತ ಕುಂದ್ರು, ಸಾಕು."

ಫೋನಿನಲ್ಲಿ "ಹೂಂ ರಿ ಅತ್ತಿ" ಎಂದ ಲಲಿತಾ, ಕಾಲ್ ಮುಗಿದ ಮೇಲೆ ಅಡುಗೆಮನೆಯ ಬಾಗಿಲಲ್ಲೇ ನಿಂತಳು. ಭೂಮಿಯ ಮೇಲೆ ಅವಳದು ಎಂದು ಇದ್ದದ್ದು ಇದೊಂದು ಒಲೆ. ಅದರ ಮುಂದೂ ಭೀಮಮ್ಮನ ಮಣೆ ಬಂತೆಂದರೆ ಮುಗಿಯಿತು, ಮತ್ತೆ ಗೋಡೆಗೆ ಮುಖ, ಒಲೆಗೆ ಬೆನ್ನು.

"ಅತ್ತಿ ಬರ್ಲಿ, ನಾಕು ದಿನ ಇರ್ಲಿ, ನನಗೂ ಖುಷಿ. ಆದ್ರ ರೊಟ್ಟಿಗಂತ ಬರೋದು ಬ್ಯಾಡ್ರಿ," ಎಂದಳು ಗಂಡನಿಗೆ. "ನನಗ ಬರಂಗಿಲ್ಲ ಅನ್ನೋದಕ್ಕ ಅವರು ಇಷ್ಟು ದೂರ ಬರ್ಬೇಕಾ?"

ಹೊನ್ನೂರುಸ್ವಾಮಿಗೆ ಹೆಂಡತಿಯ ಮುಖ ನೋಡಿ ಕರುಳು ಚುರಕ್ ಎಂದಿತು. ಆದರೆ ಹೊಟ್ಟೆಯೂ ಅವನದೇ ಅಲ್ಲವೇ? "ಆತು. ರೊಟ್ಟಿ ಹಬ್ಬದ ತನಕ ನೋಡಮ. ಅವತ್ತು ಫೋನಿನಾಗ ಅವ್ವಗ ನೀನು ಕಡಕ್ ರೊಟ್ಟಿ ತೋರ್ಸು. ತೋರಿಸಿದ್ರ ನಾನೇ ಬ್ಯಾಡಂತೀನಿ. ಇಲ್ಲಾಂದ್ರ ಟಿಕೆಟ್ ತೆಗೀತೀನಿ."

ಗಾದಿಗನೂರಿನ ಕಡೆ ನಾಗರ ಪಂಚಮಿಯ ದಿನ ಒಲೆಗೆ ಹಂಚು ಇಡುವುದಿಲ್ಲ. ಹಾಗಾಗಿ ಮೊದಲೇ ರಾಶಿ ರೊಟ್ಟಿ ಬಡಿದು, ಎಳ್ಳು ಹಚ್ಚಿ, ಕಟಂ ಎನ್ನುವ ಹಾಗೆ ಒಣಗಿಸಿ, ಹಿಂದಿನ ದಿನ ಪಲ್ಯ ಚಟ್ನಿಗಳ ಜೊತೆ ತಾಟಿನಲ್ಲಿ ಜೋಡಿಸಿ ಮನೆಯಿಂದ ಮನೆಗೆ ಬೀರುತ್ತಾರೆ. ಅದೇ ರೊಟ್ಟಿ ಹಬ್ಬ. ಹೋದ ತಾಟು ಖಾಲಿ ಬರಬಾರದು, ಆ ಮನೆಯ ರೊಟ್ಟಿ ಇಟ್ಟುಕೊಂಡೇ ಬರಬೇಕು. ಖಾಲಿ ತಾಟು ಕೊಟ್ಟ ಮನೆಯನ್ನು ಭೀಮಮ್ಮ ವರ್ಷವಿಡೀ ನೆನಪಿಟ್ಟು ಆಡಿಕೊಳ್ಳುತ್ತಿದ್ದಳು.

ಹಬ್ಬ ಇನ್ನೂ ದೂರವಿತ್ತು, ಜೋಳ ಅದಕ್ಕಿಂತ ದೂರ. ಅಷ್ಟರಲ್ಲಿ ಬಾನಾ ಮುಲೆಂಗಾ ಒಂದು ದಿನ ಬಟ್ಟಲು ಮುಚ್ಚಿಕೊಂಡು ಬಂದಳು. ಕೊರಳಪಟ್ಟಿ ಹಿಡಿದ ತಪ್ಪಿಗೆ ಪಲ್ಯ. ಲಲಿತಾ ಬೆರಳಿನಿಂದ ಚೂರು ನಾಲಿಗೆಗೆ ಹಚ್ಚಿದಳು. ಹುಳಿ. ಹುಳಿಯ ಹಿಂದೆ ಕುಟ್ಟಿದ ಶೇಂಗಾ. ಅಯ್ಯಯ್ಯೋ!

"ರೀ! ಓಡಿ ಬರ್ರಿ! ಪುಂಡಿ ಪಲ್ಯ!"

ಹೊನ್ನೂರುಸ್ವಾಮಿ ಅರ್ಧ ಗಡ್ಡ ಬೋಳಿಸಿಕೊಂಡವನು ಹಾಗೇ ಓಡಿಬಂದ. ಬಾನಾ ಮುಲೆಂಗಾಳ ಹಿತ್ತಲಿಗೆ ಹೋಗಿ ನೋಡಿದರೆ ಸಾಲಿಗೆ ಸಾಲು ಪುಂಡಿ ಗಿಡ, ಅದೇ ಕೆಂಪು ದಂಟು, ಅದೇ ಎಲೆ. ಅವರ ಬಾಯಲ್ಲಿ ಅದು ಲುಮಾಂಡ. ಹೆಸರು ಏನಾದರೇನು, ಲಲಿತಾ ಆ ಗಿಡವನ್ನು ತವರಿನವರನ್ನು ಕಂಡ ಹಾಗೆ ಸವರಿದಳು. ಬಟ್ಟಲು ಖಾಲಿ ಕಳಿಸುವುದುಂಟೇ? ಊರಿಂದ ತಂದಿದ್ದ ಶೇಂಗಾ ಚಟ್ನಿಪುಡಿ ತುಂಬಿ ಕೊಟ್ಟಳು. ಬಾನಾ ಮುಲೆಂಗಾ ಮರುವಾರ ಅದರಲ್ಲಿ ಗೆಣಸು ತುಂಬಿ ತಂದಳು. ಆ ಬಟ್ಟಲು ಯಾರದು ಎಂಬುದೇ ಇಬ್ಬರಿಗೂ ಮರೆತುಹೋಗುವಷ್ಟು ಸಲ ಬೇಲಿ ದಾಟಿತು. ಲಲಿತಾ ಈಗ ಬಾನಾ ಪಂಪಾ ಆದಳು.

ಒಂದು ಸಲ ಆ ಬಟ್ಟಲಿನಲ್ಲಿ ಕಾಳು ಬಂತು. ಬಾನಾ ಮುಲೆಂಗಾಳ ತಾಯಿ ಹಳ್ಳಿಯಲ್ಲಿ ಬೆಳೆದದ್ದು, ಗಂಜಿಗೆ ಆಗುತ್ತದೆ ಎಂದು ಕಳಿಸಿದ್ದು. ಲಲಿತಾ ಮುಷ್ಟಿಯಲ್ಲಿ ಹಿಡಿದು, ಒಂದು ಕಾಳು ಹಲ್ಲಿನಲ್ಲಿ ಕಚ್ಚಿ ನೋಡಿದಳು. ಜೋಳ! ಇಟ್ಟಿಗೆಯ ಹಾಗೆ ಕೆಂಪಗಿತ್ತು, ಆದರೂ ಜೋಳವೇ. ಬೇಲಿಯ ಬಳಿಯೇ ಬಾನಾ ಮುಲೆಂಗಾಳನ್ನು ತಬ್ಬಿಕೊಂಡಳು. ಗಂಜಿ ಕಾಳಿಗೆ ಇಷ್ಟೊಂದು ಸಂಭ್ರಮ ಯಾಕೆ ಎಂದು ಅವಳಿಗೆ ತಿಳಿಯಲಿಲ್ಲ, ಆದರೂ ತಿರುಗಿ ತಬ್ಬಿಕೊಂಡಳು.

ಹಳ್ಳಿಯಿಂದ ಇನ್ನೂ ಒಂದು ಚೀಲ ಕಾಳು ತರಿಸಿಕೊಂಡು, ಹಿಟ್ಟು ಬೀಸಿಸಿ ತಂದು ಲಲಿತಾ ಮತ್ತೆ ಕುಳಿತಳು. ಈ ಸಲ ಹಿಟ್ಟು ಅಂಟಿತು, ಆದರೆ ಅಂಚು ಬಿರಿಯಿತು. ಅತ್ತೆಗೆ ಫೋನ್ ಮಾಡಿ ಕೇಳಿದರೆ ಒಂದು ನಿಮಿಷದ ಮಾತು. ಕೇಳಲಿಲ್ಲ. ಹಟ! ಬದಲಿಗೆ ಕಣ್ಣುಮುಚ್ಚಿ ಗಾದಿಗನೂರನ್ನು ನೆನಪು ಮಾಡಿಕೊಂಡಳು. ಬೆಳ್ಳುಳ್ಳಿ ಸುಲಿಯುತ್ತ ಕುಳಿತಾಗ ಬೆನ್ನ ಹಿಂದೆ ಏನೇನು ಕೇಳಿಸುತ್ತಿತ್ತು? ಎಸರು ಕೊತಕೊತ ಕುದಿಯುವ ಸದ್ದು, ಅದು ಹಿಟ್ಟಿಗೆ ಬಿದ್ದು ಚುಂಯ್ ಎನ್ನುವ ಸದ್ದು. ಅಂದರೆ ನೀರು ಬಿಸಿಯಾದರೆ ಸಾಲದು, ಕುದಿಯಬೇಕು. ಆಮೇಲೆ ಅಂಗೈ ಒತ್ತಿ ನಾದುವ ಸದ್ದು, ಎಷ್ಟೋ ಹೊತ್ತು. ಅಂದರೆ ತನ್ನ ನಾದುವುದೇ ಕಡಿಮೆ. ಬಡಿತ ಮೊದಲು ಹಗುರ, ಅವಸರ. ರೊಟ್ಟಿ ಅಗಲವಾದ ಮೇಲೆ ನಿಧಾನ, ಅಂಚಿನಲ್ಲಿ ಮಾತ್ರ. ತಾನೋ ಶುರುವಿನಿಂದಲೇ ಶತ್ರುವನ್ನು ಬಡಿದ ಹಾಗೆ ಬಡಿಯುತ್ತಿದ್ದಳು!

ರೊಟ್ಟಿ ದುಂಡಗಾಯಿತು. ಕರೆಂಟಿನ ಒಲೆ ಮಾತ್ರ ಹಂಚಿನ ನಡುವನ್ನಷ್ಟೇ ಕಾಯಿಸಿ ಅಂಚನ್ನು ಹಸಿ ಬಿಡುತ್ತಿತ್ತು. ಅದಕ್ಕೂ ದೇವರು ದಾರಿ ತೋರಿಸಿದ, ಆ ಊರಿನಲ್ಲಿ ಕರೆಂಟು ತೆಗೆಯುವುದು ಶುರುವಾಯಿತು. ಎಲ್ಲರೂ ಕರೆಂಟಿನವರಿಗೆ ಶಾಪ ಹಾಕಿದರೆ ಲಲಿತಾ ಕೈಮುಗಿದಳು. ಬಾನಾ ಮುಲೆಂಗಾ ಇದ್ದಿಲಿನ ಒಲೆ ತಂದಿಟ್ಟಳು. ಕೆಂಡದ ಮೇಲೆ ಹಂಚು ಒಂದೇ ಸಮ ಕಾಯಿತು. ಆ ಸಂಜೆ ಪಟಪಟ ಎಂದು ಶುರುವಾದ ಬಡಿತ ನಿಧಾನವಾಗಿ ಸುಮ್ಮನಾದಾಗ, ಹೊರಗಿನ ಕೋಣೆಯಲ್ಲಿದ್ದ ಹೊನ್ನೂರುಸ್ವಾಮಿ ತಲೆ ಎತ್ತಿದ. "ಅವ್ವ ಬಂದ್ಲೇನು?" ಎಂದ.

ಲಲಿತಾಳಿಗೆ ಅದಕ್ಕಿಂತ ದೊಡ್ಡ ಬಿರುದು ಬೇಕಿರಲಿಲ್ಲ. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಇನ್ನೊಂದು ಉಂಡೆ ತೆಗೆದುಕೊಂಡಳು.

ರೊಟ್ಟಿ ಹಬ್ಬದ ದಿನ ಜಾಂಬಿಯಾದಲ್ಲಿ ಚಳಿ. ಕೆಂಪು ರೊಟ್ಟಿಯ ಗೋಪುರ, ಮೇಲೆ ಎಳ್ಳು, ಪಕ್ಕದಲ್ಲಿ ಪುಂಡಿ ಪಲ್ಯ. ಓಬಳೇಶ ಬೆಳಿಗ್ಗೆಯೇ ಬಂದು ತಾಟು ಕಾಯುತ್ತ ಕುಳಿತಿದ್ದ. ಬೇಲಿಯಾಚೆಗೆ ಹೋದ ತಾಟಿನಲ್ಲಿ ಬಾನಾ ಮುಲೆಂಗಾ ಬಿಸಿಬಿಸಿ ಬನ್ನು ಇಟ್ಟು ತಂದಳು. ಅದು ರೊಟ್ಟಿಯ ಲೆಕ್ಕಕ್ಕೆ ಸೇರುತ್ತದೋ ಇಲ್ಲವೋ ಎಂದು ಗಂಡಸರಿಬ್ಬರೂ ಚರ್ಚೆ ಮಾಡುತ್ತಲೇ ತಿಂದು ಮುಗಿಸಿದರು.

ಗಾದಿಗನೂರಿಗೆ ಕಾಲ್ ಹೋಯಿತು. ಪರದೆಯ ಮೇಲೆ ಭೀಮಮ್ಮ, ಹೆಗಲ ಹಿಂದೆ ಜಂಬಕ್ಕ. ಲಲಿತಾ ರೊಟ್ಟಿ ಎತ್ತಿ ಹಿಡಿದಳು.

"ಯಾಕ ಕೆಂಪಗೈತಿ? ಹೊತ್ತಿಸೀಯೇನು?"

"ಇಲ್ರಿ ಅತ್ತಿ. ಇಲ್ಲಿ ಜೋಳಾನೇ ಕೆಂಪು."

ಭೀಮಮ್ಮ ಕಣ್ಣು ಕಿರಿದು ಮಾಡಿದಳು. ದುಂಡಗಿದೆ, ನಿಜ. ಆದರೆ ಫೋನಿನಲ್ಲಿ ಕಂಡದ್ದನ್ನೆಲ್ಲ ನಂಬುವ ಹೆಂಗಸಲ್ಲ ಅವಳು.

"ಮುರಿ."

"ಹಾಂ?"

"ಮುರಿಯಂದೆ. ಫೋನಿನ ಹತ್ರ ಹಿಡ್ಕಂಡು ಮುರಿ. ಸಪ್ಪಳ ಕೇಳ್ಬೇಕು ನಾನು."

ಹಾಗೆಂದು ಭೀಮಮ್ಮ ಫೋನನ್ನು ಕಿವಿಗೆ ಒತ್ತಿಕೊಂಡಳು. ಜಾಂಬಿಯಾದ ಪರದೆ ತುಂಬ ಒಂದೇ ಕಿವಿ, ಅದರಲ್ಲೊಂದು ಬೆಂಡೋಲೆ. ಪಂಪಾ ಕಿಲಕಿಲ ನಕ್ಕಳು, ಹೊನ್ನೂರುಸ್ವಾಮಿ ಅವಳ ಬಾಯಿ ಮುಚ್ಚಿದ. ಲಲಿತಾ ಫೋನಿನ ಹತ್ತಿರ ಹಿಡಿದು ರೊಟ್ಟಿ ಮುರಿದಳು.

ಕಟಕ್.

ಕಿವಿ ಅಲ್ಲಾಡಲಿಲ್ಲ. "ಇನ್ನೊಂದ್ಸಲ," ಎಂದಿತು. ಕಟಕ್. ಆಮೇಲೆ ಭೀಮಮ್ಮನ ಮುಖ ಬಂತು. ಅದು ಯಾರನ್ನೂ ನೋಡುತ್ತಿರಲಿಲ್ಲ.

"ಆ ಪಾಸ್‌ಪೋರ್ಟ್ ಬಂದ್ರ ಪೆಟ್ಟಿಗ್ಯಾಗ ಇರ್ಲಿ ಬಿಡು. ನನಗ ಇಲ್ಲೇ ಮಸ್ತ್ ಕೆಲಸ ಐತಿ," ಎಂದಳು. ಫೋನ್ ಇಡುವ ಮೊದಲು ಸೇರಿಸಿದಳು, "ಎರಡು ತೆಗೆದಿಡು. ಬರೋವಾಗ ತಗಂಬಾ. ಸಪ್ಪಳ ಕೇಳಿದೆ, ರುಚಿ ಯಾರು ನೋಡ್ತಾರ?"

ರಜೆಗೆ ಊರಿಗೆ ಬಂದಾಗ ಲಲಿತಾ ಆ ಎರಡು ರೊಟ್ಟಿಗಳನ್ನು ಬಾನಾ ಮುಲೆಂಗಾ ಕೊಟ್ಟ ಹೂಬಣ್ಣದ ಬಟ್ಟೆಯಲ್ಲಿ ಸುತ್ತಿ, ವಿಮಾನದಲ್ಲಿ ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ತಂದಳು. ಬಂದ ಮರುದಿನ ಬೆಳಿಗ್ಗೆ, ಕಲಿತು ಬಂದದ್ದು ರುಚಿಯಲ್ಲಿ ನಿಲ್ಲುತ್ತದೋ ಇಲ್ಲವೋ ಎಂಬ ಡವಡವದಲ್ಲೇ ತಾಟಿನಲ್ಲಿಟ್ಟು ಅತ್ತೆಯ ಮುಂದೆ ಹಿಡಿದಳು. ಸುದ್ದಿ ತಿಳಿದ ಜಂಬಕ್ಕ ಮಜ್ಜಿಗೆ ಕೇಳುವ ನೆಪದಲ್ಲಿ ಹಾಜರಿದ್ದಳು.

ಭೀಮಮ್ಮ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಳು. ಅಗಿದಳು. ಬಹಳ ಹೊತ್ತು ಅಗಿದಳು.

"ಒಗರೈತಿ."

"ಹೂಂ ರಿ," ಎಂದಳು ಲಲಿತಾ.

"ಜೋಳದ ಒಗರು. ಅದಕ್ಕ ನೀ ಏನ್ ಮಾಡ್ತೀ?" ಭೀಮಮ್ಮ ಇನ್ನೊಂದು ಚೂರು ಮುರಿದಳು. "ರೊಟ್ಟಿ ರೊಟ್ಟಿ ಆಗೈತಿ."

ಅಷ್ಟು ಹೇಳಿ ತಾಟು ತೆಗೆದುಕೊಂಡು ಒಳಗೆ ಹೋದಳು. ಡಬ್ಬಿ ತೆಗೆದ ಸದ್ದು, ಎಸರು ಕುದಿದ ಸದ್ದು, ಹಿಟ್ಟಿಗೆ ಬಿದ್ದು ಚುಂಯ್ ಎಂದ ಸದ್ದು. ಸರಿ, ಅತ್ತೆ ಎಂದಿನಂತೆ ರೊಟ್ಟಿಗೆ ಕುಳಿತಳು ಎಂದುಕೊಂಡು ಲಲಿತಾ ಅಭ್ಯಾಸಬಲದಿಂದ ಬೆಳ್ಳುಳ್ಳಿ ಬುಟ್ಟಿಗೆ ಕೈ ಹಾಕಿದಳು.

ಅಷ್ಟರಲ್ಲಿ ತಾಟು ಮುಂದೆ ಬಂತು. ಖಾಲಿಯಿರಲಿಲ್ಲ. ಅದರಲ್ಲಿ ನಾದಿದ ಬಿಳಿ ಜೋಳದ ಹಿಟ್ಟಿನ ಉಂಡೆ, ಇನ್ನೂ ಹಬೆಯಾಡುತ್ತಿತ್ತು.

"ಏಳು. ಹಂಚು ಕಾದೈತಿ. ಮಣಿ ಮ್ಯಾಲೆ ಕುಂದ್ರು."

ಜಂಬಕ್ಕ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಲಲಿತಾ ಮಣೆಯ ಮೇಲೆ ಕುಳಿತಳು, ಅರ್ಧವೇ ಕುಳಿತಳು, ಆಮೇಲೆ ಪೂರ್ತಿ. ಭೀಮಮ್ಮ ಗೋಡೆಗೆ ಒರಗಿ ಕಾಲು ಮಡಚಿ ಕುಳಿತಳು, ಸರಿಯಾಗಲಿಲ್ಲ, ಚಾಚಿ ಕುಳಿತಳು. ಕೈ ಎಲ್ಲಿಡಬೇಕೆಂದು ಅವಳಿಗೆ ತಿಳಿಯಲಿಲ್ಲ. ಪಟಪಟ ಸದ್ದು ಶುರುವಾಯಿತು, ನಿಧಾನವಾಯಿತು, ಸುಮ್ಮನಾಯಿತು. ಹಂಚಿನಿಂದ ಎದ್ದ ರೊಟ್ಟಿ ಪೂರಿಯ ಹಾಗೆ ಉಬ್ಬಿಕೊಂಡೇ ಅತ್ತೆಯ ತಾಟಿಗೆ ಬಿತ್ತು.

ಭೀಮಮ್ಮ ಅದನ್ನು ಮುಟ್ಟಿ, ಚುರ್ ಎಂದು ಸುಟ್ಟಾಗ ಬೆರಳು ಹಿಂದಕ್ಕೆ ತೆಗೆದಳು. ಮತ್ತೆ ಮುರಿದಳು. ಒಳಗಿಂದ ಹಬೆ ಎದ್ದು ಮುಖಕ್ಕೆ ಬಡಿಯಿತು. ಮಾವನಿಗೆ, ಗಂಡನಿಗೆ, ಮೈದುನರಿಗೆ, ಮಕ್ಕಳಿಗೆ, ಬಂದ ಬೀಗರಿಗೆ ಬಿಸಿ ಬಿಸಿ ಬಡಿದು ಹಾಕಿದವಳು ಅವಳು. ಎಲ್ಲರದೂ ಆದ ಮೇಲೆ ಬುಟ್ಟಿಯ ತಳದಲ್ಲಿ ಉಳಿದ ತಣ್ಣಗಿನದು ಅವಳ ಪಾಲಿಗೆ. ಮಣೆ ಬಿಟ್ಟು ಏಳದವಳಿಗೆ ಬಿಸಿ ರೊಟ್ಟಿ ಯಾರು ಹಾಕಬೇಕು?

"ಹಿಂಗಿರ್ತದೇನ್ಲೇ ಬಿಸಿ ರೊಟ್ಟಿ!" ಎಂದಳು ಜಂಬಕ್ಕನ ಕಡೆ ತಿರುಗಿ. ಕಣ್ಣಲ್ಲಿ ನೀರು ತುಂಬಿತ್ತು, ಅದನ್ನು ಹೊಗೆಯ ಮೇಲೆ ಹಾಕಲೂ ಅವಳು ಹೋಗಲಿಲ್ಲ.

ಪುಂಡಿ ಪಲ್ಯದಲ್ಲಿ ಅದ್ದಿ ಮುಗಿಸಿದಳು. ಬೆರಳು ನೆಕ್ಕಿಕೊಂಡಳು. ಆಮೇಲೆ ಸೊಸೆಯ ಕಡೆಗೆ ತಾಟು ಚಾಚಿದಳು.

"ಇನ್ನೊಂದು ಹಾಕು, ಯವ್ವಾ."